ಬೆರಕೆಯ ಆಟಗಳು: ಯಾವುದು ಹದ, ಯಾವುದು ಬರಿಯ ರಾಶಿ?

ನಂಜನಗೂಡು ತಾಲ್ಲೂಕಿನ ಕಳಲೆಯನ್ನು ಇವತ್ತು ಹೆಚ್ಚಿನವರು ಬಲ್ಲದ್ದು ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದಿಂದ. ಹದಿನೆಂಟನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ದಳವಾಯಿಗಳು ಈ ಊರಿನ ಮನೆತನದಿಂದ ಬಂದವರು. ಅವರಲ್ಲೊಬ್ಬನಾದ ಕರಾಚೂರಿ ನಂಜರಾಜ ದೊರೆಯನ್ನು ಹೆಸರಿಗೆ ಮಾತ್ರ ಉಳಿಸಿ ತಾನೇ ರಾಜ್ಯ ನಡೆಸಿದ. ತಾನೂ ಬರೆದ, ಕವಿಗಳನ್ನೂ ಪೋಷಿಸಿದ. ಅವನ ಆಶ್ರಯದಲ್ಲಿದ್ದ ನೃಸಿಂಹಕವಿ ಸಂಸ್ಕೃತದಲ್ಲಿ ‘ನಂಜರಾಜಯಶೋಭೂಷಣ’ ಎಂಬ ಗ್ರಂಥ ರಚಿಸಿದ. ಮೇಲ್ನೋಟಕ್ಕೆ ಅದು ಅಲಂಕಾರಶಾಸ್ತ್ರ. ಆದರೆ ಉದಾಹರಣೆಯ ಪದ್ಯಗಳೆಲ್ಲ ನಂಜರಾಜನ ಸ್ತುತಿ. ನಾಟಕದ ಲಕ್ಷಣ ಹೇಳುವ ಭಾಗಕ್ಕೆ ಬಂದಾಗ ಕವಿ ‘ಚಂದ್ರಕಲಾಕಲ್ಯಾಣ’ ಎಂಬ ಒಂದು ಇಡೀ ನಾಟಕವನ್ನೇ ಒಳಗೆ ಸೇರಿಸಿಬಿಡುತ್ತಾನೆ. ಅದರ ನಾಯಕನೂ ನಂಜರಾಜನೇ.

ವಿಡಿಯೋ ಗೇಮ್‌ಗಳ ಬಗ್ಗೆ ಬರೆಯಲು ಹೊರಟು ಇಲ್ಲಿಂದ ಶುರು ಮಾಡಲು ಕಾರಣವಿದೆ. ಇವತ್ತು ಆಟಗಳ ಜಾಹೀರಾತಿನಲ್ಲಿ ಪ್ರಕಾರಗಳ ಬೆರಕೆಯನ್ನು ದೊಡ್ಡ ಹೊಸತನವೆಂಬಂತೆ ಹೇಳುತ್ತಾರೆ: ಯುದ್ಧವೂ ಉಂಟು, ಅಡುಗೆಯೂ ಉಂಟು, ಕಾರ್ಡಿನಾಟವೂ ಉಂಟು. ನಮ್ಮ ಸಾಹಿತ್ಯಕ್ಕೆ ಬೆರಕೆ ಹೊಸದಲ್ಲ. ಗದ್ಯಪದ್ಯಗಳ ಚಂಪೂವಿನಿಂದಲೇ ಕನ್ನಡ ಕಾವ್ಯ ದೊಡ್ಡದಾಯಿತು. ಹಾಗಾಗಿ ಏನೇನು ಬೆರೆತಿದೆ ಎನ್ನುವುದಕ್ಕಿಂತ ಬೆರೆತದ್ದರಿಂದ ಏನಾಯಿತು ಎನ್ನುವುದನ್ನು ಕೇಳಲು ನಮಗೆ ಕಷ್ಟವಾಗಬಾರದು.

ನೃಸಿಂಹಕವಿಯ ಗ್ರಂಥದಲ್ಲಿ ಶಾಸ್ತ್ರ, ಸ್ತುತಿ, ನಾಟಕ ಮೂರೂ ಒಂದೇ ಕಡೆ ಮುಖ ಮಾಡಿ ನಿಂತಿವೆ. ಯಾವುದೂ ಇನ್ನೊಂದನ್ನು ಅಲುಗಿಸುವುದಿಲ್ಲ. ನಾಟಕವನ್ನು ತೆಗೆದು ಬೇರೊಂದನ್ನು ಇಟ್ಟರೂ ಶಾಸ್ತ್ರಕ್ಕೆ ಕುಂದಿಲ್ಲ. ಪಂಪನೂ 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಬೆಸೆದ. ಅಲ್ಲಿ ನಡೆದದ್ದು ಬೇರೆ. ಭಾರತದ ಕತೆ ಒಡೆಯನ ಸ್ತುತಿಯ ಅಳತೆಗೆ ಒಗ್ಗಲಿಲ್ಲ, ಕರ್ಣ ಅದರಾಚೆಗೆ ಬೆಳೆದು ನಿಂತ. ಇತಿಹಾಸವೂ ಪುರಾಣವೂ ಒಂದನ್ನೊಂದು ಜಗ್ಗುವ ಆ ಸೆಳೆತವೇ ಪಂಪನನ್ನು ಇವತ್ತಿಗೂ ಓದಿಸುತ್ತದೆ. ಎರಡು ಪ್ರಕಾರಗಳು ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕಿದಾಗ ಮಾತ್ರ ಬೆರಕೆಗೆ ಅರ್ಥ ಬರುತ್ತದೆ. ಇಲ್ಲವಾದರೆ ಅದು ಪಕ್ಕಪಕ್ಕದಲ್ಲಿ ಇಟ್ಟ ಸಾಮಾನುಗಳ ರಾಶಿ.

ಈ ಅಳತೆಗೋಲನ್ನು ಹಿಡಿದು ಕೆಲವು ಆಟಗಳನ್ನು ನೋಡೋಣ.

ಮೊದಲನೆಯದು ‘ಪೇಪರ್ಸ್, ಪ್ಲೀಸ್’. ಲೂಕಸ್ ಪೋಪ್ 2013ರಲ್ಲಿ ಹೊರತಂದ ಆಟ. ಆಡುವವರು ಆರ್ಸ್ಟೋಟ್‌ಸ್ಕಾ ಎಂಬ ಕಾಲ್ಪನಿಕ ದೇಶದ ಗಡಿಯಲ್ಲಿ ಕೂತ ಗುಮಾಸ್ತ. ಪಾಸ್‌ಪೋರ್ಟಿನ ಭಾವಚಿತ್ರ, ತಾರೀಕು, ಮೊಹರು ನೋಡಿ ಒಳಗೆ ಬಿಡಬೇಕು ಅಥವಾ ಹಿಂದಕ್ಕೆ ಕಳಿಸಬೇಕು. ಎಷ್ಟು ಜನರ ಕಾಗದ ಸರಿಯಾಗಿ ನೋಡಿದರೋ ಅಷ್ಟು ಸಂಬಳ. ಸಂಜೆ ಆ ದುಡ್ಡಿನಲ್ಲೇ ಬಾಡಿಗೆ, ಊಟ, ಮನೆಯವರ ಔಷಧ ಆಗಬೇಕು. ತಪ್ಪು ಹುಡುಕುವ ಒಗಟು ಮತ್ತು ಸರ್ವಾಧಿಕಾರದ ಕತೆ ಇಲ್ಲಿ ಬೆರೆತಿವೆ. ಒಮ್ಮೆ ಗಂಡನೊಬ್ಬ ಬರುತ್ತಾನೆ. ಕಾಗದವೆಲ್ಲ ಸರಿಯಿದೆ. ಹಿಂದೆಯೇ ಹೆಂಡತಿ ಬರುತ್ತಿದ್ದಾಳೆ, ದಯೆ ತೋರಿಸಿ ಎನ್ನುತ್ತಾನೆ. ಅವಳ ಬಳಿ ಒಂದು ಪತ್ರ ಇಲ್ಲ. ದಿನದ ಮೊದಲ ಎರಡು ತಪ್ಪಿಗೆ ದಂಡವಿಲ್ಲ, ಎಚ್ಚರಿಕೆ ಮಾತ್ರ. ಹಾಗಾಗಿ ಆಡುವವರು ಲೆಕ್ಕ ಹಾಕತೊಡಗುತ್ತಾರೆ: ಇವತ್ತಿನ ಕರುಣೆ ಎಷ್ಟು ಉಳಿದಿದೆ? ಕರುಣೆಯನ್ನು ಎಣಿಸುವ ಈ ಅಭ್ಯಾಸವನ್ನು ಕತೆ ನಮಗೆ ಹೇಳಿಕೊಡುವುದಿಲ್ಲ, ಒಗಟಿನ ನಿಯಮವೇ ಕಲಿಸಿಬಿಡುತ್ತದೆ. ಕಾದಂಬರಿಯೊಂದು ಗುಮಾಸ್ತನ ಮನಸ್ಸನ್ನು ವರ್ಣಿಸಬಲ್ಲದು. ಈ ಆಟ ಆ ಮನಸ್ಸನ್ನು ನಮ್ಮಲ್ಲೇ ಬೆಳೆಸಿ ತೋರಿಸುತ್ತದೆ.

ಪೋಪ್‌ನದೇ ‘ರಿಟರ್ನ್ ಆಫ್ ದಿ ಒಬ್ರಾ ಡಿನ್’ 2018ರದು. 1807ರಲ್ಲಿ ಜನರಿಲ್ಲದೆ ಮರಳಿದ ಹಡಗೊಂದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರೀಕ್ಷಕರಾಗಿ ನಾವು ಹತ್ತುತ್ತೇವೆ. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಎಂದು ಬರೆಯಬೇಕು. ಕೈಯಲ್ಲಿರುವ ಗಡಿಯಾರ ಸತ್ತವರ ಕೊನೆಯ ಕ್ಷಣವನ್ನು ಸ್ತಬ್ಧಚಿತ್ರದಂತೆ ತೋರಿಸುತ್ತದೆ. ಪತ್ತೇದಾರಿ, ಭಯಾನಕ, ಕಡಲ ಸಾಹಸ ಇಲ್ಲಿ ಕೂಡಿವೆ. ಕೊಲೆಯ ಭಯಂಕರ ನೋಟದ ಎದುರು ನಿಂತು ನಾವು ಹುಡುಕುವುದು ಯಾರ ಉಡುಪು ಎಂಥದು, ಯಾರ ಮಾತಿನ ಧಾಟಿ ಯಾವ ದೇಶದ್ದು ಎಂದು. ದುರಂತ ಲೆಕ್ಕಪತ್ರವಾಗುವ ಬಗೆ ಇದು. ಕಂಪನಿಯ ದಫ್ತರಗಳಲ್ಲೇ ತನ್ನ ಇತಿಹಾಸದ ದೊಡ್ಡ ಪಾಲನ್ನು ಓದಬೇಕಾದ ಮೈಸೂರು ಸೀಮೆಯ ವಿದ್ಯಾರ್ಥಿಗೆ ಇದರ ಚುರುಕು ಬೇಗ ತಟ್ಟೀತು.

ಮೂರನೆಯದು ನಮಗೆ ಹತ್ತಿರದ್ದು. 2023ರ ‘ವೆಣ್ಬಾ’, ಕೆನಡಾದ ಟೊರಾಂಟೋದಲ್ಲಿ ತಯಾರಾದದ್ದು. ತಮಿಳುನಾಡಿನಿಂದ ಅಲ್ಲಿಗೆ ಹೋದ ದಂಪತಿ, ಅಲ್ಲೇ ಬೆಳೆಯುವ ಮಗ, ತಾಯಿಯಿಂದ ಬಂದ ಹಳೆಯ ಅಡುಗೆ ಪುಸ್ತಕ. ಪುಸ್ತಕದ ಸಾಲುಗಳು ಮಸುಕಾಗಿವೆ, ಹಾಳೆ ಹರಿದಿದೆ. ಇಡ್ಲಿ ಬೇಯಬೇಕಾದರೆ ಬಿಟ್ಟುಹೋದ ಹೆಜ್ಜೆಯನ್ನು ನಾವು ಊಹಿಸಬೇಕು. ಅಡುಗೆಯ ಒಗಟೂ ವಲಸೆಯ ಕತೆಯೂ ಇಲ್ಲಿ ಒಂದೇ, ಏಕೆಂದರೆ ಕಳೆದುಹೋದದ್ದೇ ಒಗಟು. ಮುಂದೆ ಮಗನೇ ಒಲೆಯ ಮುಂದೆ ನಿಲ್ಲುವಾಗ ಅವನ ಅರ್ಧಂಬರ್ಧ ತಮಿಳು ಅಡುಗೆಗೆ ತೊಡಕಾಗುತ್ತದೆ. ಭಾಷೆ ಕಳೆದುಕೊಳ್ಳುವುದು ಏನೆಂದು ಭಾಷಣಗಳಿಂದ ಕೇಳಿ ದಣಿದ ನಮಗೆ ಅದನ್ನು ಬೆರಳ ತುದಿಯಲ್ಲಿ ತಿಳಿಸುವ ಆಟವಿದು. ವೆಣ್ಬಾ ಎಂಬುದು ಆ ತಾಯಿಯ ಹೆಸರು, ತಮಿಳಿನ ಒಂದು ಛಂದಸ್ಸಿನ ಹೆಸರೂ ಹೌದು. ಕೊರತೆ ಎಂದರೆ ಆಟ ತೀರ ಚಿಕ್ಕದು. ಗಂಡನ ಪಾತ್ರ ಬೆಳೆಯುವ ಮೊದಲೇ ಕತೆ ವರ್ಷಗಳನ್ನು ದಾಟಿಬಿಡುತ್ತದೆ.

ಅದೇ ವರ್ಷ ಬಂದ ‘ಥರ್ಸ್ಟಿ ಸೂಟರ್ಸ್’ ಜೊತೆ ಇದನ್ನು ಹೋಲಿಸಬೇಕು. ಅಲ್ಲೂ ವಲಸಿಗ ಮನೆ, ಅಲ್ಲೂ ಅಡುಗೆ. ಊರಿಗೆ ಮರಳಿದ ಜಾಲಾ ತನ್ನ ಹಳೆಯ ಪ್ರೇಮಿಗಳನ್ನು ಒಬ್ಬೊಬ್ಬರಾಗಿ ಎದುರಿಸುತ್ತಾಳೆ. ಆ ಜಗಳಗಳು ಸರದಿಯಲ್ಲಿ ಹೊಡೆದಾಡುವ ಕಾಳಗದ ರೂಪದಲ್ಲಿವೆ. ಮಾತಿನ ಏಟು ನಿಜಕ್ಕೂ ಏಟಾಗುವ ಈ ಬೆರಕೆ ಚೆನ್ನಾಗಿದೆ. ಆದರೆ ನಡುನಡುವೆ ಬರುವ ಸ್ಕೇಟ್‌ಬೋರ್ಡ್ ಸವಾರಿ ಕತೆಗೂ ಕಾಳಗಕ್ಕೂ ಏನನ್ನೂ ಕೊಡುವುದಿಲ್ಲ. ತೆಗೆದುಹಾಕಿದರೆ ಆಟ ಹಗುರವಾಗುತ್ತದೆ, ಬಡವಾಗುವುದಿಲ್ಲ. ಒಂದೇ ಕೃತಿಯಲ್ಲಿ ಹದವಾದ ಬೆರಕೆಯನ್ನೂ ಬರಿಯ ರಾಶಿಯನ್ನೂ ನೋಡಬೇಕೆಂದವರಿಗೆ ಇದು ಒಳ್ಳೆಯ ಪಾಠ.

ಕೊನೆಯದು ‘ಡಿಸ್ಕೋ ಎಲಿಸಿಯಂ’, 2019. ಎಸ್ಟೋನಿಯಾದ ಕಾದಂಬರಿಕಾರ ರಾಬರ್ಟ್ ಕುರ್ವಿಟ್ಸ್ ಮತ್ತು ಗೆಳೆಯರು ಕಟ್ಟಿದ್ದು. ಕುಡಿದು ತನ್ನ ಹೆಸರನ್ನೇ ಮರೆತ ಪೊಲೀಸಿನವನೊಬ್ಬ ಕೊಲೆಯ ತನಿಖೆ ಮಾಡಬೇಕು. ಇಂಥ ಆಟಗಳಲ್ಲಿ ಪಾತ್ರದ ಶಕ್ತಿ, ಬುದ್ಧಿಗಳಿಗೆ ಅಂಕಗಳಿರುತ್ತವೆ. ಇಲ್ಲಿ ಆ 24 ಗುಣಗಳಿಗೂ ಒಂದೊಂದು ದನಿಯಿದೆ. ತರ್ಕ ಒಂದು ಹೇಳಿದರೆ ಅನುಕಂಪ ಇನ್ನೊಂದು ಹೇಳುತ್ತದೆ. ಒಂದು ಗುಣಕ್ಕೆ ಹೆಚ್ಚು ಅಂಕ ಕೊಟ್ಟರೆ ಅದರ ಬಾಯಿ ಜೋರಾಗಿ ದಾರಿ ತಪ್ಪಿಸುವುದೂ ಉಂಟು. ಕಾದಂಬರಿಯ ಸ್ವಗತ ಆಟದ ಅಂಕಪಟ್ಟಿಯೊಳಗೆ ಹೊಕ್ಕು ಎರಡನ್ನೂ ಬದಲಾಯಿಸಿದೆ. ಇದಕ್ಕೆ ಗಟ್ಟಿ ಇಂಗ್ಲಿಷ್ ಬೇಕು, ತಾಳ್ಮೆ ಇನ್ನೂ ಹೆಚ್ಚು ಬೇಕು.

ನಂಜರಾಜನ ಕಾಲದಲ್ಲಿ ಬೆರಕೆಯ ಒಡೆಯ ಆಶ್ರಯದಾತ. ಇವತ್ತು ಮಾರುಕಟ್ಟೆ. ದೊಡ್ಡ ಬಂಡವಾಳದ ಎಷ್ಟೋ ಆಟಗಳಲ್ಲಿ ಮೀನು ಹಿಡಿಯುವುದು, ಆಯುಧ ಮಾಡುವುದು, ಅಂಕ ಕೂಡಿಸುವುದು ಎಲ್ಲವೂ ಇರುತ್ತವೆ, ಯಾವ ಗಿರಾಕಿಯೂ ಕೈತಪ್ಪಬಾರದೆಂದು. ಅದೂ ಒಂದು ಬಗೆಯ ಯಶೋಭೂಷಣವೇ, ಹೊಗಳಿಸಿಕೊಳ್ಳುವ ಜಾಗದಲ್ಲಿ ಕೊಳ್ಳುವವನು ಕೂತಿದ್ದಾನೆ ಅಷ್ಟೆ. ಮೇಲಿನ ಒಳ್ಳೆಯ ಆಟಗಳು ಆಡುವವರನ್ನು ಹೊಗಳುವುದಿಲ್ಲ. ಅವರ ಕೈಯಿಂದಲೇ ಅವರಿಗೆ ಇಷ್ಟವಾಗದ ಕೆಲಸ ಮಾಡಿಸುತ್ತವೆ.

ಕನ್ನಡದಲ್ಲಿ ವಿಡಿಯೋ ಗೇಮ್ ಎಂದೊಡನೆ ಮಾತು ಹೆಚ್ಚಾಗಿ ಚಟ, ಕಣ್ಣು, ಪರೀಕ್ಷೆಯ ಅಂಕಗಳ ಕಡೆಗೇ ತಿರುಗುತ್ತದೆ. ಆ ಆತಂಕ ಸುಳ್ಳಲ್ಲ. ಆದರೆ ಒಳ್ಳೆಯ ಆಟಕ್ಕೂ ಕೆಟ್ಟ ಆಟಕ್ಕೂ ವ್ಯತ್ಯಾಸ ಹೇಳುವ ವಿಮರ್ಶೆ ಇಲ್ಲದಿದ್ದರೆ ಎಳೆಯರ ಕೈಗೆ ಸಿಗುವುದು ಜಾಹೀರಾತು ಮುಂದಿಟ್ಟದ್ದೇ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕೆಲಸದ ಉಪಕರಣಗಳು ಆಗಲೇ ಕೈಯಲ್ಲಿವೆ: ಚಂಪೂ ಓದಿದವರಿಗೆ ಬೆರಕೆ ಗೊತ್ತು, ಧ್ವನಿಯ ಪಾಠ ಕೇಳಿದವರಿಗೆ ಹೇಳದೆ ತಿಳಿಸುವುದು ಏನೆಂದು ಗೊತ್ತು.

ಶುರು ಮಾಡುವವರಿಗೆ ‘ಪೇಪರ್ಸ್, ಪ್ಲೀಸ್’ ಸಾಕು. 2022ರಿಂದ ಅದು ಮೊಬೈಲಿನಲ್ಲೂ ಸಿಗುತ್ತದೆ, ದುಬಾರಿ ಕಂಪ್ಯೂಟರ್ ಬೇಡ. ಆ ಹೆಂಡತಿ ಗಡಿಗೆ ಬಂದಾಗ ಏನು ಮಾಡಿದಿರಿ, ಅದಕ್ಕೆ ಮೊದಲು ಯಾವ ಲೆಕ್ಕ ಹಾಕಿದಿರಿ ಎಂಬುದನ್ನು ಒಂದು ಪುಟದಲ್ಲಿ ಬರೆದು ನೋಡಿ.