ಕೆಂಪು ಕಣದ ಸಾಕ್ಷ್ಯ

ರಕ್ತದೊತ್ತಡ ಸಂಶೋಧನೆಯ ಚರಿತ್ರೆ ಹೇಳುವವರು ಕೆಂಪು ರಕ್ತಕಣದ ಪಂಥಕ್ಕೆ ಬಂದಾಗ ಒಂದೇ ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ: ಎಂಬತ್ತರ ದಶಕದ ಗೀಳು, ಕೊನೆಗೆ ಏನೂ ದಕ್ಕಲಿಲ್ಲ. ಕೋಶಕೇಂದ್ರವೇ ಇಲ್ಲದ ಒಂದು ಕಣದಲ್ಲಿ ಒತ್ತಡದ ಮೂಲ ಹುಡುಕಿದ್ದೇ ತಪ್ಪಂತೆ. ಈ ಮಾತು ಕೇಳಿ ಕೇಳಿ ನನಗೆ ರೇಗಿದೆ. ಹಾಗೆನ್ನುವವರಲ್ಲಿ ಹೆಚ್ಚಿನವರು ಮಿಲಾನಿನ ಬಿಯಾಂಕಿ ತಂಡದ ಪ್ರಬಂಧಗಳನ್ನು ಓದಿದ ಸುಳಿವೇ ಕಾಣುವುದಿಲ್ಲ.

ಕೆಂಪು ಕಣವನ್ನೇ ಏಕೆ ಹಿಡಿದರು? ಜೀವಂತ ಮನುಷ್ಯನ ಅಪಧಮನಿಯನ್ನೋ ಮೂತ್ರಪಿಂಡವನ್ನೋ ಅಧ್ಯಯನಕ್ಕೆಂದು ಕತ್ತರಿಸಿ ತೆಗೆಯುವಂತಿಲ್ಲ. ತೋಳಿನ ರಕ್ತ ಯಾರಾದರೂ ಕೊಟ್ಟಾರು. ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳತರುವ ಪಂಪು ಆ ಪೊರೆಯಲ್ಲೂ ಇದೆ, ಮೂತ್ರಪಿಂಡದ ನಾಳಗಳಲ್ಲೂ ಇದೆ. 1979ರಲ್ಲಿ ಪ್ಯಾರಿಸ್ಸಿನ ಗರೇ ಮತ್ತು ಮೆಯರ್, ಮರುವರ್ಷ ಬಾಸ್ಟನ್ನಿನ ಮಿಟ್ಜಿ ಕನೆಸಾ ಮತ್ತು ಸಂಗಡಿಗರು, ಏರಿದ ಒತ್ತಡದ ರೋಗಿಗಳ ಕೆಂಪು ಕಣಗಳಲ್ಲಿ ಸೋಡಿಯಂ ಸಾಗಣೆ ಬೇರೆಯಾಗಿದೆ ಎಂದು ಪ್ರಕಟಿಸಿದ ಪ್ರಬಂಧಗಳು ದೊಡ್ಡ ಉತ್ಸಾಹ ಎಬ್ಬಿಸಿದವು. ಕನೆಸಾ ಕಣಗಳಿಗೆ ಲಿಥಿಯಂ ತುಂಬಿ, ಹೊರಗಿನ ದ್ರವದಲ್ಲಿ ಸೋಡಿಯಂ ಇದ್ದಾಗ ಎಷ್ಟು ಲಿಥಿಯಂ ಹೊರಬರುತ್ತದೆ, ಇಲ್ಲದಾಗ ಎಷ್ಟು ಎಂದು ಅಳೆದರು. ಆ ವ್ಯತ್ಯಾಸ ರೋಗಿಗಳಲ್ಲಿ ಸುಮಾರು ಇಮ್ಮಡಿಯಾಗಿತ್ತು. ಆಮೇಲೆ ಪ್ರಯೋಗಾಲಯಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಆರೋಗ್ಯವಂತರ ಅಳತೆಯೂ ರೋಗಿಗಳ ಅಳತೆಯೂ ಒಂದರೊಳಗೊಂದು ಬೆರೆತವು. ಮೈತೂಕ, ರಕ್ತದ ಕೊಬ್ಬು ಕೂಡ ಅಳತೆಯನ್ನು ಏರುಪೇರು ಮಾಡಿದವು. ರೋಗ ಪತ್ತೆಹಚ್ಚುವ ಪರೀಕ್ಷೆಯಾಗಿ ಅದು ಸೋತಿತು. ಈ ಸೋಲನ್ನೇ ಇಡೀ ಪಂಥದ ಸೋಲೆಂದು ಬರೆದುಕೊಂಡದ್ದು ಓದುಗರ ಸೋಮಾರಿತನ.

ಜುಸೆಪ್ಪೆ ಬಿಯಾಂಕಿಯ ಕೆಲಸವನ್ನು ಒಂದರ ಹಿಂದೊಂದು ಓದಿ. ಮಿಲಾನಿನಲ್ಲಿ ಅವರು ತಾನಾಗಿಯೇ ಒತ್ತಡ ಏರುವ ಇಲಿಗಳ ತಳಿಯೊಂದನ್ನೂ ಹೋಲಿಕೆಗೆ ಸಹಜ ಒತ್ತಡದ ತಳಿಯೊಂದನ್ನೂ ಬೆಳೆಸಿದರು. 1974ರಲ್ಲಿ ಮೂತ್ರಪಿಂಡಗಳನ್ನು ಅದಲುಬದಲು ಕಸಿ ಮಾಡಿದರು. ಮೂತ್ರಪಿಂಡ ಹೋದ ಕಡೆಗೆ ಒತ್ತಡವೂ ಹೋಯಿತು. ಹಾಗಾದರೆ ದೋಷ ಮೂತ್ರಪಿಂಡದ್ದು, ಮುಗಿಯಿತು ಎಂದು ಬೇರೆಯವರಾದರೆ ನಿಲ್ಲಿಸುತ್ತಿದ್ದರು. ಬಿಯಾಂಕಿ ನಿಲ್ಲಿಸಲಿಲ್ಲ. ಆ ಇಲಿಗಳ ಕೆಂಪು ಕಣ ಗಾತ್ರದಲ್ಲಿ ಚಿಕ್ಕದು, ಒಳಗಿನ ಸೋಡಿಯಂ ಕಡಿಮೆ, ಸೋಡಿಯಂ-ಪೊಟ್ಯಾಸಿಯಂ ಜೊತೆಯಾಗಿ ಸಾಗುವ ವೇಗ ಹೆಚ್ಚು. ಇದು ಏರಿದ ಒತ್ತಡದ ಪರಿಣಾಮವಲ್ಲವೇ ಎಂಬ ಆಕ್ಷೇಪ ಎಲ್ಲರ ಬಾಯಲ್ಲೂ ಇತ್ತು. ಅವರು ಅಸ್ಥಿಮಜ್ಜೆಯನ್ನೇ ಬೇರೆ ಇಲಿಗಳಿಗೆ ಕಸಿ ಮಾಡಿ ಉತ್ತರ ಕೊಟ್ಟರು: ಹೊಸ ಮೈಯಲ್ಲಿ ಹುಟ್ಟಿದ ಕಣಗಳೂ ಮಜ್ಜೆ ಕೊಟ್ಟ ತಳಿಯ ಗುಣವನ್ನೇ ಉಳಿಸಿಕೊಂಡವು. ದೋಷ ವಂಶದಲ್ಲಿತ್ತು.

ಮುಂದಿನದು ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಹೆಜ್ಜೆ. ಒಂದು ತಳಿಯ ಕಣಪೊರೆಯನ್ನು ಇನ್ನೊಂದಕ್ಕೆ ಚುಚ್ಚಿ ಪ್ರತಿಕಾಯ ಹುಟ್ಟಿಸಿದರು. ಎರಡೂ ಪೊರೆಗಳಲ್ಲಿ ವ್ಯತ್ಯಾಸವಿರುವ ಪ್ರೋಟೀನು ಯಾವುದೆಂದು ಇಲಿಯ ದೇಹವೇ ತೋರಿಸಿಕೊಟ್ಟಿತು. ಅದು ಪೊರೆಯ ಅಡಿಯ ಹಂದರಕ್ಕೆ ಸೇರಿದ ಅಡ್ಯೂಸಿನ್. 1994ರಲ್ಲಿ ಅದರ ಜೀನುಗಳಲ್ಲಿ ಎರಡು ಬಿಂದು ಬದಲಾವಣೆಗಳು ಸಿಕ್ಕವು. ಬದಲಾದ ಅಡ್ಯೂಸಿನ್ ಮೂತ್ರಪಿಂಡದ ಕೋಶಗಳಲ್ಲಿ ಸೋಡಿಯಂ ಪಂಪನ್ನು ಚುರುಕುಗೊಳಿಸುತ್ತದೆ. ದೇಹ ಉಪ್ಪನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಒತ್ತಡಕ್ಕೆ ಕೆಂಪು ಕಣ ಕಾರಣವೆಂದು ಬಿಯಾಂಕಿ ವಾದಿಸಲೇ ಇಲ್ಲ. ಮೂತ್ರಪಿಂಡದಲ್ಲಿ ನಡೆಯುವುದಕ್ಕೆ ಅದನ್ನು ಸಾಕ್ಷಿಯಾಗಿ ಕರೆದರು, ಸಾಕ್ಷಿ ನಿಜ ಹೇಳಿತು.

1997ರಲ್ಲಿ ಮನುಷ್ಯರಲ್ಲೂ ಅಡ್ಯೂಸಿನ್‌ನ ಒಂದು ರೂಪ ಉಪ್ಪಿಗೆ ಒತ್ತಡ ಏರುವುದರೊಂದಿಗೆ ತಳಕು ಹಾಕಿಕೊಂಡಿದೆ ಎಂದು ಅವರ ತಂಡ ತೋರಿಸಿತು. ಆನಂತರದ ಅಧ್ಯಯನಗಳಲ್ಲಿ ಅದು ಕೆಲವೆಡೆ ಉಳಿಯಿತು, ಕೆಲವೆಡೆ ಅಳಿಯಿತು. ಇದೇ ತಿಳಿವಿನಿಂದ ಹುಟ್ಟಿದ ರೋಸ್ಟಾಫ್ಯುರಾಕ್ಸಿನ್ ಎಂಬ ಔಷಧವನ್ನು ಎಲ್ಲ ಬಗೆಯ ರೋಗಿಗಳಿಗೂ ಕೊಟ್ಟು ನೋಡಿದಾಗ ಒತ್ತಡ ಇಳಿಯಲಿಲ್ಲ. ವಿರೋಧಿಗಳು ಇದನ್ನೇ ಎತ್ತಿ ಹಿಡಿಯುತ್ತಾರೆ. ಇದನ್ನು ಬಿಯಾಂಕಿಯ ಸೋಲೆಂದು ನಾನು ಎಣಿಸುವುದಿಲ್ಲ. ಒಂದೇ ಹೆಸರಿನ ಕೆಳಗೆ ಹತ್ತು ರೋಗಗಳನ್ನು ಕೂಡಿಹಾಕಿ ಎಲ್ಲಕ್ಕೂ ಒಂದೇ ಮದ್ದು ಕೊಟ್ಟವರು ಉತ್ತರಿಸಬೇಕಾದ ಪ್ರಶ್ನೆ ಅದು. ಏರಿದ ಒತ್ತಡ ಬೇರೆಯೇ ಒಂದು ರೋಗವೋ, ಎಲ್ಲರಲ್ಲೂ ಹರಡಿರುವ ಅಳತೆಯ ಮೇಲ್ತುದಿಯಷ್ಟೆಯೋ ಎಂದು ವೈದ್ಯರಾದ ಪ್ಲಾಟ್ ಮತ್ತು ಪಿಕರಿಂಗ್ ನಡುವೆ ನಡೆದ ಜಗಳದಲ್ಲಿ ಪಿಕರಿಂಗ್ ಗೆದ್ದರೆಂದು ಗೊತ್ತು. ಆದರೂ ರೋಗಿಗಳನ್ನು ಬಿಡಿಸಿ ನೋಡಬೇಕೆಂಬ ಪ್ಲಾಟ್‌ರ ಹಟದ ಕಡೆಗೇ ನನ್ನ ಒಲವು.

ಜಗಳ ಈಗ ರಕ್ತಕಣದ್ದಾಗಿ ಉಳಿದಿಲ್ಲ. 2018ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಜೀನುಗಳನ್ನು ಜಾಲಾಡಿ ಒತ್ತಡಕ್ಕೆ ಸಂಬಂಧಿಸಿದ 901 ತಾಣಗಳನ್ನು ಪಟ್ಟಿ ಮಾಡಿದರು. ಸಾಮಾನ್ಯವಾಗಿ ಒಂದೊಂದು ತಾಣದ ಪಾಲು ಪಾದರಸದ ಒಂದು ಮಿಲಿಮೀಟರಿಗೂ ಕಡಿಮೆ. ಆ ದುಡಿಮೆಗೆ ಗೌರವವಿದೆ. ಪಟ್ಟಿಯನ್ನೇ ತಿಳಿವು ಎಂದು ಕರೆಯುವ ಅಭಿರುಚಿಗೆ ನನ್ನ ತಕರಾರು. ಸಂಖ್ಯೆ ದೊಡ್ಡದಾದಷ್ಟೂ ವಿಜ್ಞಾನ ದೊಡ್ಡದು ಎಂದು ನಂಬಿದ ಕಾಲಕ್ಕೆ ಕಸಿ, ಮಜ್ಜೆ, ಪ್ರತಿಕಾಯ ಎಂದು ಒಂದೊಂದೇ ಆಕ್ಷೇಪಕ್ಕೆ ಒಂದೊಂದು ಪ್ರಯೋಗ ಕಟ್ಟುವ ತಾಳ್ಮೆ ಹಳೆಯದಾಗಿ ಕಾಣುತ್ತದೆ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳೂ ಒತ್ತಡದ ನಿಯಂತ್ರಣವನ್ನು ವಿವರಿಸುವ ಗೈಟನ್‌ನ ರೇಖಾಚಿತ್ರವನ್ನು ಬಾಯಿಪಾಠ ಮಾಡುತ್ತಾರೆ. ಅದರ ಹಿಂದಿನ ವಾದವನ್ನು ಕೇಳುವವರು ವಿರಳ.

ಶರೀರಕ್ರಿಯಾಶಾಸ್ತ್ರ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. 1974ರ ಕಸಿಯ ಪ್ರಬಂಧ, ಆಮೇಲೆ ಮಜ್ಜೆಯದು, ಕೊನೆಗೆ 1994ರ ಅಡ್ಯೂಸಿನ್ ಪ್ರಬಂಧ: ಈ ಮೂರನ್ನೂ ಇದೇ ಕ್ರಮದಲ್ಲಿ ವಿದ್ಯಾರ್ಥಿಗಳ ಮುಂದಿಡಿ. ಪಂಥ ಸೋತಿತೋ ಇಲ್ಲವೋ ಎಂಬ ತೀರ್ಪನ್ನು ಓದಿದ ಮೇಲೆ ಅವರೇ ಕೊಡಲಿ.