ಧಕ್ಕೆಯ ಬಣ್ಣ

ಮಣಿಪಾಲದ ಗೆಳೆಯರೊಬ್ಬರ ಮನೆಯ ಗೋಡೆಯ ಮೇಲೆ ಮಲ್ಪೆ ಬಂದರಿನ ಒಂದು ತೈಲಚಿತ್ರವಿದೆ. ಸೂರ್ಯಾಸ್ತವಿಲ್ಲ, ಬಾಗಿದ ತೆಂಗಿನ ಮರವಿಲ್ಲ. ಒಂದಕ್ಕೊಂದು ಒತ್ತಿಕೊಂಡು ನಿಂತ ಬೋಟುಗಳು, ನಡುವೆ ಉಳಿದ ತುಸು ನೀರು, ಅಷ್ಟೆ. ಆ ನೀರು ನೀಲಿಯಲ್ಲ. ಡೀಸೆಲ್ ತೇಲುವ ಮಾಸಲು ಹಸಿರು. ಧಕ್ಕೆಯಲ್ಲಿ ನಿಂತು ನೋಡಿದವರಿಗಷ್ಟೇ ಸಿಗುವ ಬಣ್ಣ ಅದು.

ಹತ್ತಿರ ಹೋದರೆ ಬೋಟು ಮಾಯವಾಗಿ ಬಣ್ಣವೇ ಉಳಿಯುತ್ತದೆ. ಕಲಾವಿದೆ ಕುಂಚ ಬಿಟ್ಟು ಚಾಕುವಿನಿಂದ ಕೆಂಪನ್ನು ದಪ್ಪಗೆ ಎಳೆದಿದ್ದಾರೆ. ಆ ಒಂದೇ ಎಳೆತದಲ್ಲಿ ಮುಂತುದಿಯ ಏರು, ಹಲಗೆಯ ಒರಟು, ಉಪ್ಪುನೀರು ತಿಂದ ಅಂಚು ಎಲ್ಲವೂ ಬಂದುಬಿಟ್ಟಿವೆ. ಬಲೆಯ ರಾಶಿಯಲ್ಲಿ ಒಂದು ಗಂಟನ್ನೂ ಬಿಡಿಸಿ ಬರೆದಿಲ್ಲ. ಹಸಿಬಣ್ಣವನ್ನು ಕುಂಚದ ಹಿಂದುದಿಯಿಂದ ಗೀರಿದ್ದಾರೆ. ಮೀನಿನ ಬುಟ್ಟಿ ಹೊತ್ತ ಹೆಂಗಸು ಎರಡೇ ಗೆರೆ. ಆದರೂ ಕತ್ತಿನ ಬಿಗಿ ಕಾಣುತ್ತದೆ.

ಗೆರೆಯ ಈ ಮಿತ ಉಡುಪಿಗೆ ಹೊಸದಲ್ಲ. ಇಲ್ಲೇ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ನಾಲ್ಕಾರು ಗೆರೆಗಳಲ್ಲೇ ನರ್ತಕಿಯನ್ನು ಕುಣಿಸಿದವರು. ಆದರೆ ಬಂದರಿಗೆ ಗೆರೆಯೊಂದೇ ಸಾಲದು. ಅದರ ಗದ್ದಲ ಹೇಳಲು ಬಣ್ಣದ ಭಾರವೂ ಬೇಕು. ಈ ಚಿತ್ರ ಎರಡನ್ನೂ ಬಲ್ಲದು. ಅದಕ್ಕೇ ನನಗೆ ಇಷ್ಟು ಮೆಚ್ಚು.

1901ರ ಕಾಪು ದೀಪಸ್ತಂಭವನ್ನು ಬರೆಯುವವರು ಬಹಳ ಮಂದಿ. ನಮ್ಮ ಚಿತ್ರಕಾರರು ಮಲ್ಪೆಗೂ ಬರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ 61 ದಿನ ಬೋಟುಗಳೆಲ್ಲ ಬಂದರಿನಲ್ಲೇ ಇರುತ್ತವೆ.