ಅಪು ಏರಿದ ರೈಲು

ಹಳ್ಳಿಯ ಹುಡುಗ ರೈಲು ಹತ್ತಿ ಮೊದಲ ಬಾರಿಗೆ ಒಬ್ಬನೇ ಮಹಾನಗರಕ್ಕೆ ಹೋದನೆಂದರೆ, ಅವನ ಬೆರಗನ್ನು ಬಣ್ಣಿಸಿ ಮುಗಿಸುವುದೇ ವಾಡಿಕೆ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಆ ವಾಡಿಕೆಗೆ ಕಟ್ಟುಬೀಳಲಿಲ್ಲ.

ವಿದ್ಯಾರ್ಥಿವೇತನ ಪಡೆದ ಅಪು, ಪುಟ್ಟ ಭೂಗೋಲವೊಂದನ್ನು ಕೈಯಲ್ಲಿ ಹಿಡಿದು ಕಲ್ಕತ್ತೆಗೆ ಹೊರಡುತ್ತಾನೆ. ಅಲ್ಲಿ ಹಗಲು ಕಾಲೇಜು, ರಾತ್ರಿ ಮುದ್ರಣಾಲಯದ ದುಡಿಮೆ. ಈ ಭಾಗ ತುಸು ತೆಳುವೇ ಸರಿ. ಚಿತ್ರದ ಸತ್ತ್ವವೆಲ್ಲ ಊರಿನಲ್ಲುಳಿದ ತಾಯಿ ಸರ್ವಜಯಾಳಲ್ಲಿದೆ. ‘ಪಥೇರ್ ಪಾಂಚಾಲಿ’ಯಲ್ಲಿ (1955) ಅಕ್ಕ ತಮ್ಮ ಓಡಿಹೋಗಿ ನೋಡಿದ ರೈಲು ಕನಸಾಗಿತ್ತು, ಇಲ್ಲಿ ಬಯಲಿನಾಚೆ ಹಾಯುವ ರೈಲು, ಮಗನನ್ನು ಕರೆತಾರದ ಬಂಡಿ.

ಅಪು ಕೃತಘ್ನನೆ? ನಿಲ್ದಾಣದವರೆಗೂ ಹೋಗಿ, ಮನಸ್ಸು ತಾಳದೆ ಹಿಂದಿರುಗಿ, ರೈಲು ತಪ್ಪಿತೆಂದು ತಾಯಿಗೆ ಸುಳ್ಳು ಹೇಳುವವನನ್ನು ಹಾಗೆನ್ನಲಾಗದು. ಆದರೂ ಅವನು ಹೋಗಲೇಬೇಕು. ತಾಯಿ ತೀರಿಕೊಂಡ ಮೇಲೆ, ಕರ್ಮವನ್ನು ಕಲ್ಕತ್ತೆಯಲ್ಲೇ ಮಾಡುವೆನೆಂದು ಗಂಟು ಹೊತ್ತು ನಡೆಯುತ್ತಾನೆ. ಬಿಭೂತಿಭೂಷಣರ ಕಾದಂಬರಿಯಲ್ಲಿ ಆ ಸಾವು ಮಗನಿಗೆ ಕ್ಷಣಕಾಲ ಬಿಡುಗಡೆಯೆನಿಸುತ್ತದೆ. ರಾಯ್ ಆ ಕಹಿಯನ್ನು ಸಿಹಿಮಾಡಲಿಲ್ಲ.

ಬಂಗಾಳದ ಪ್ರೇಕ್ಷಕರಿಗೆ ಇದು ಆಗ ಅಷ್ಟಾಗಿ ರುಚಿಸಲಿಲ್ಲ; 1957ರಲ್ಲಿ ವೆನಿಸ್ ಚಿತ್ರೋತ್ಸವ ಸ್ವರ್ಣಸಿಂಹವಿತ್ತು ಗೌರವಿಸಿತು. ಓದಿಗೆಂದು ಊರು ಬಿಟ್ಟು ಪಟ್ಟಣ ಸೇರಿದ ನಮ್ಮಂಥವರಿಗೆ ಈ ಚಿತ್ರ ಸಮಾಧಾನ ಹೇಳುವುದಿಲ್ಲ. ಅದೇ ಅದರ ಹಿರಿಮೆ.